ಮಕ್ಕಳು, ಹಿರಿಯರ ಜೊತೆ ಶ್ರೀಲಂಕಾ: ವ್ಯಾನೋ, ರೈಲೋ, ಒಂದೇ ಕಡೆ ಠಿಕಾಣಿಯೋ?

ಬೆಂಗಳೂರಿನಿಂದ ಕೊಲಂಬೊ ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿ. ಇಡೀ ದ್ವೀಪ ಕರ್ನಾಟಕದ ಮೂರನೇ ಒಂದು ಭಾಗದಷ್ಟಿದೆ. ಇದನ್ನು ನೋಡಿಯೇ ಹೆಚ್ಚಿನವರು ಒಂದು ವಾರದೊಳಗೆ ಸಿಗಿರಿಯಾ, ಕ್ಯಾಂಡಿ, ನುವಾರ ಎಲಿಯಾ, ಯಾಲ, ಗಾಲೆ ಇಷ್ಟನ್ನೂ ಪೋಣಿಸಿಬಿಡುತ್ತಾರೆ. ಮೂರನೇ ದಿನಕ್ಕೆ ಮಕ್ಕಳಿಗೆ ವಾಂತಿ, ಅಜ್ಜಿಗೆ ಸೊಂಟನೋವು ಶುರುವಾಗುತ್ತದೆ. ಎಕ್ಸ್‌ಪ್ರೆಸ್‌ವೇ ಇರುವುದು ಮುಖ್ಯವಾಗಿ ಪಶ್ಚಿಮ ಮತ್ತು ದಕ್ಷಿಣದ ಅಂಚಿನಲ್ಲಿ. ಒಳನಾಡಿನಲ್ಲಿ ಎರಡು ಪಥದ ರಸ್ತೆ, ಅದರ ತುಂಬ ಆಟೊ, ಬಸ್ಸು, ಸೈಕಲ್ಲು. ಕ್ಯಾಂಡಿಯಿಂದ ನುವಾರ ಎಲಿಯಾಕ್ಕೆ 75 ಕಿ.ಮೀ. ಆಸುಪಾಸು, ಹಿಡಿಯುವ ಹೊತ್ತು ಎರಡೂವರೆ ಗಂಟೆಗೂ ಹೆಚ್ಚು. ಅಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕಬಾರದು, ಗಂಟೆಗೆ 30 ಕಿ.ಮೀ. ಎಂದುಕೊಂಡು ಗಂಟೆಯಲ್ಲೇ ಲೆಕ್ಕ ಹಾಕಬೇಕು.

ಆದ್ದರಿಂದ ಯಾವ ಊರು ಎನ್ನುವುದಕ್ಕಿಂತ ಮೊದಲು ಹೇಗೆ ಓಡಾಡುವುದು ಎಂಬುದು ತೀರ್ಮಾನವಾಗಬೇಕು. ಮೂರು ದಾರಿಗಳಿವೆ: ಡ್ರೈವರ್ ಸಮೇತ ವ್ಯಾನು, ರೈಲು, ಇಲ್ಲವೇ ಒಂದೇ ಊರಿನಲ್ಲಿ ಇಳಿದುಕೊಂಡು ಸುತ್ತಾಡುವುದು. ಬಸ್ಸು ಬಹಳ ಅಗ್ಗ, ನಿಜ. ಆದರೆ ಲಗೇಜಿಗೆ ಜಾಗವಿಲ್ಲ, ಘಾಟಿನಲ್ಲಿ ಓಡಿಸುವ ವೇಗ ಮಕ್ಕಳಿಗೆ ಒಗ್ಗುವುದಿಲ್ಲ. ಕುಟುಂಬಕ್ಕೆ ಅದು ಬೇಡ.

ವ್ಯಾನು

ನಾಲ್ವರಿಗೆ ಕಾರು ಸಾಕು. ಐದು ಜನ ದಾಟಿದರೆ ಅಲ್ಲಿ ಎಲ್ಲರೂ ‘ಕೆಡಿಎಚ್’ ಎಂದು ಕರೆಯುವ ಟೊಯೊಟಾ ಹೈಏಸ್ ವ್ಯಾನೇ ಸರಿ. ದಿನದ ಬಾಡಿಗೆಯಲ್ಲಿ ಸಾಮಾನ್ಯವಾಗಿ ಡೀಸೆಲ್ ಸೇರಿರುತ್ತದೆ. ಜಗಳ ಬರುವುದು ಹೇಳದೇ ಉಳಿದ ಬಾಬ್ತುಗಳಲ್ಲಿ. ದಿನಕ್ಕೆ ಎಷ್ಟು ಕಿ.ಮೀ. ಮಿತಿ, ಎಕ್ಸ್‌ಪ್ರೆಸ್‌ವೇ ಟೋಲು ಮತ್ತು ಪಾರ್ಕಿಂಗ್ ಯಾರದು, ಡ್ರೈವರ್ ಊಟ ಮತ್ತು ರಾತ್ರಿ ವಸತಿ ಯಾರದು, ಡ್ರೈವರ್ ಖಾಲಿ ಗಾಡಿ ವಾಪಸು ಒಯ್ಯುವ ದಿನಕ್ಕೆ ಹಣ ಕೊಡಬೇಕೇ ಎಂಬಷ್ಟನ್ನು ಮೊದಲೇ ಬರಹದಲ್ಲಿ ಕೇಳಿಟ್ಟುಕೊಳ್ಳಿ. ಎಷ್ಟೋ ಹೋಟೆಲುಗಳಲ್ಲಿ ಡ್ರೈವರಿಗೆಂದೇ ಕೋಣೆ ಇರುತ್ತದೆ. ಹೋಂಸ್ಟೇಗಳಲ್ಲಿ ಇರುವುದಿಲ್ಲ, ಆಗ ಆ ಖರ್ಚು ನಿಮ್ಮ ತಲೆಗೆ ಬರುತ್ತದೆ.

ಇನ್ನೊಂದು, ಕಮಿಷನ್ ನಿಲುಗಡೆ. ದಾರಿಯಲ್ಲಿ ಸಾಂಬಾರ ತೋಟ, ರತ್ನದ ಅಂಗಡಿ, ಬಾಟಿಕ್ ಅಂಗಡಿಗೆ ಗಾಡಿ ತಿರುಗುವುದುಂಟು. ‘ಅಂಗಡಿ ಬೇಡ, ಆ ಹೊತ್ತಿಗೆ ಮಕ್ಕಳಿಗೆ ವಿಶ್ರಾಂತಿ ಬೇಕು’ ಎಂದು ಮೊದಲ ದಿನವೇ ಸಮಾಧಾನವಾಗಿ ಹೇಳಿದರೆ ಸಾಕು. ಟೀ ಫ್ಯಾಕ್ಟರಿ ಮಾತ್ರ ಬಿಡಬೇಡಿ. ಬಾಡಿಸುವುದರಿಂದ ಹಿಡಿದು ಜರಡಿ ಹಿಡಿಯುವವರೆಗೆ ಎಲೆ ಪುಡಿಯಾಗುವುದನ್ನು ಮಕ್ಕಳು ಕಣ್ಣಾರೆ ನೋಡಬಹುದು.

ಕೂರುವ ಜಾಗವೂ ಮುಖ್ಯ. ವ್ಯಾನಿನ ಕಡೇ ಸಾಲು ಹಿಂದಿನ ಚಕ್ರದ ಮೇಲೆಯೇ ಇರುವುದರಿಂದ ತಿರುವುಗಳಲ್ಲಿ ಓಲಾಟ ಅಲ್ಲೇ ಹೆಚ್ಚು. ವಾಂತಿಯಾಗುವ ಮಗುವನ್ನು ಮುಂದಿನ ಸಾಲಿನಲ್ಲಿ, ಎದುರಿನ ರಸ್ತೆ ಕಾಣುವಂತೆ ಕೂರಿಸಿ. ಮೊಬೈಲು ಕೊಡಬೇಡಿ. ನುವಾರ ಎಲಿಯಾ ದಾರಿಯ ರಂಬೊಡ ಘಾಟಿ ಹತ್ತುವ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ. ಮಕ್ಕಳ ಸೀಟು ಕೇಳಿದರೂ ಸಿಗುವುದು ಅಪರೂಪ, ಚಿಕ್ಕ ಮಗುವಿದ್ದರೆ ಇಲ್ಲಿಂದಲೇ ಒಯ್ಯಿರಿ. ಹಿಂದಿನ ಸೀಟುಗಳಿಗೆ ಬೆಲ್ಟ್ ಇದೆಯೇ ಎಂದು ಗಾಡಿಯ ಫೋಟೊ ತರಿಸಿಕೊಂಡು ನೋಡಿ.

ರೈಲು

ಕ್ಯಾಂಡಿಯಿಂದ ‘ಎಲ್ಲ’ ಎಂಬ ಬೆಟ್ಟದೂರಿನ ತನಕ ಟೀ ತೋಟಗಳ ನಡುವೆ ಹೋಗುವ ಈ ಮಾರ್ಗದ ಚೆಲುವಿಗೆ ಎರಡು ಮಾತಿಲ್ಲ. ಆದರೆ ಪೂರ್ತಿ ಪಯಣಕ್ಕೆ ಆರೂವರೆ, ಏಳು ಗಂಟೆ ಬೇಕು. ತಡವಾಗುವುದು ಮಾಮೂಲು. ಮೊದಲ ಎರಡು ಗಂಟೆ ಕಿಟಕಿಗೆ ಅಂಟಿಕೊಂಡ ಮಕ್ಕಳು ಆಮೇಲೆ ‘ಇನ್ನೆಷ್ಟು ದೂರ’ ಎಂದು ಪೀಡಿಸುತ್ತಾರೆ. ನಮ್ಮ ಖಚಿತ ಅಭಿಪ್ರಾಯ ಇದು: ಕ್ಯಾಂಡಿಯಿಂದ ನುವಾರ ಎಲಿಯಾವರೆಗೆ ವ್ಯಾನು, ಅಲ್ಲಿಗೆ ಹತ್ತಿರದ ನಾನುಓಯ ನಿಲ್ದಾಣದಿಂದ ಮುಂದಕ್ಕೆ ಮಾತ್ರ ರೈಲು. ಈ ತುಣುಕಿಗೆ ಮೂರು ಗಂಟೆ ಸಾಕು, ಅತಿ ಎತ್ತರದ ನಿಲ್ದಾಣ ಪಟ್ಟಿಪೊಳ ಇರುವುದೂ, ಹಪುತಲೆಯ ಕಡಿದಾದ ಅಂಚಿನಲ್ಲಿ ಗಾಡಿ ಓಡುವುದೂ ಇಲ್ಲೇ. ಲಗೇಜು ವ್ಯಾನಿನಲ್ಲೇ ಇರಲಿ, ಡ್ರೈವರ್ ರಸ್ತೆಯಲ್ಲಿ ಬಂದು ಆ ಕಡೆ ಕಾಯುತ್ತಾನೆ. ರೈಲಿನ ಬಾಗಿಲಲ್ಲಿ ಸೂಟ್‌ಕೇಸು ಎಳೆದಾಡುವ ಕಷ್ಟ ತಪ್ಪುತ್ತದೆ.

ಒಂಬತ್ತು ಕಮಾನಿನ ಸೇತುವೆ ನೋಡಲೆಂದೇ ರೈಲು ಹತ್ತುವವರು ‘ಎಲ್ಲ’ದಲ್ಲಿ ಇಳಿದುಬಿಡುತ್ತಾರೆ. ಸೇತುವೆ ಇರುವುದು ಅದಾದ ಮೇಲೆ, ದೆಮೋದರದ ಕಡೆಗೆ. ಅದರ ಮೇಲೆ ಸಾಗಬೇಕೆಂದಿದ್ದರೆ ದೆಮೋದರಕ್ಕೆ ಟಿಕೆಟ್ ಮಾಡಿಸಿ, ಗಾಡಿ ಅಲ್ಲಿ ನಿಲ್ಲುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ದೆಮೋದರದಲ್ಲಿ ಹಳಿ ಬೆಟ್ಟವನ್ನು ಸುತ್ತಿಕೊಂಡು ಬಂದು ಅದೇ ನಿಲ್ದಾಣದ ಕೆಳಗಿನ ಸುರಂಗದಲ್ಲಿ ಹಾಯುತ್ತದೆ. ರೈಲು ಹುಚ್ಚಿನ ಮಕ್ಕಳಿಗೆ ಸೇತುವೆಗಿಂತ ಇದೇ ಹೆಚ್ಚು ಸೋಜಿಗ.

ಯಾವ ದರ್ಜೆ? ಒಂದನೇ ದರ್ಜೆ ಎ.ಸಿ.ಯಲ್ಲಿ ಕಿಟಕಿ ತೆರೆಯುವುದಿಲ್ಲ, ಗಾಜಿನ ಆಚೆಯ ಫೋಟೊ ಮಂಕು. ಎರಡನೇ ದರ್ಜೆಯ ಕಾಯ್ದಿರಿಸಿದ ಸೀಟು ಕುಟುಂಬಕ್ಕೆ ಹೇಳಿಮಾಡಿಸಿದ್ದು: ಕಿಟಕಿ ತೆರೆಯುತ್ತದೆ, ಸೀಟು ಖಾತ್ರಿ. ಮೂರನೇ ದರ್ಜೆ ಕಾಯ್ದಿರಿಸಿದ್ದೂ ನಡೆಯುತ್ತದೆ. ಕಾಯ್ದಿರಿಸದ ಬೋಗಿಯಲ್ಲಿ ಸೀಸನ್ನಿನಲ್ಲಿ ನಿಂತೇ ಹೋಗಬೇಕು. ಬುಕಿಂಗ್ 30 ದಿನ ಮುಂಚೆ ತೆರೆಯುತ್ತದೆ, ಬೇಗನೆ ಮುಗಿದೂ ಹೋಗುತ್ತದೆ. ಮಳೆಗೆ ಗುಡ್ಡ ಕುಸಿದು ಮಾರ್ಗ ಬಂದ್ ಆಗುವುದುಂಟು, ಹೊರಡುವ ವಾರ ಗಾಡಿ ಓಡುತ್ತಿದೆಯೇ ವಿಚಾರಿಸಿ. ಬಾಗಿಲಲ್ಲಿ ಜೋತಾಡಿ ಫೋಟೊ ತೆಗೆಸುವುದು ಅಲ್ಲಿ ಗೀಳಾಗಿದೆ. ಸುರಂಗದ ಗೋಡೆ ಹಳಿಗೆ ತೀರಾ ಹತ್ತಿರ. ಮಕ್ಕಳನ್ನು ಬಾಗಿಲ ಬಳಿಗೇ ಬಿಡಬೇಡಿ.

ಒಂದೇ ಕಡೆ ಠಿಕಾಣಿ

ಐದು ವರ್ಷದೊಳಗಿನ ಮಗು ಅಥವಾ ಮಂಡಿನೋವಿನ ಹಿರಿಯರಿದ್ದರೆ ಮೇಲಿನ ಎರಡನ್ನೂ ಬಿಟ್ಟು ಗಾಲೆ ಸುತ್ತಮುತ್ತಲ ಕಡಲತೀರದಲ್ಲಿ ಮನೆ ಹಿಡಿಯುವುದೇ ಮೇಲು. ಕಟುನಾಯಕೆ ವಿಮಾನನಿಲ್ದಾಣದಿಂದ ಗಾಲೆಗೆ ಎಕ್ಸ್‌ಪ್ರೆಸ್‌ವೇ ಮೇಲೆ ಎರಡೂವರೆ ಗಂಟೆಯೊಳಗೆ ತಲುಪಬಹುದು, ಘಾಟಿಯೇ ಇಲ್ಲ. ಅಡುಗೆಮನೆ ಇರುವ ಮನೆ ಸಿಕ್ಕರೆ ಮಗುವಿಗೆ ಗಂಜಿ, ಅನ್ನ ಸಾರು ನಾವೇ ಮಾಡಿಕೊಳ್ಳಬಹುದು. ಬೆಟ್ಟದ ಸೀಮೆ ತಪ್ಪುತ್ತದೆ, ಅದು ದೊಡ್ಡ ನಷ್ಟವೇ. ಆದರೆ ದಿನಾ ಪೆಟ್ಟಿಗೆ ಕಟ್ಟುವ ಕೆಲಸವೂ ತಪ್ಪುತ್ತದೆ.

ತೀರಗಳೆಲ್ಲ ಒಂದೇ ಅಲ್ಲ. ಮಿರಿಸ್ಸ ನೋಡಲು ಚೆಂದ, ಅಲೆ ಜೋರು. ವೆಲಿಗಾಮ ಸರ್ಫಿಂಗ್ ಕಲಿಯುವ ಹದಿಹರೆಯದವರಿಗೆ. ಚಿಕ್ಕ ಮಕ್ಕಳನ್ನು ನೀರಿಗಿಳಿಸಲು ಮಾತರದ ಪೊಲ್ಹೇನ ಒಳ್ಳೆಯದು: ಬಂಡೆಸಾಲು ಅಲೆಯನ್ನು ದೂರದಲ್ಲೇ ತಡೆಯುತ್ತದೆ, ದಡದ ಬಳಿ ನೀರು ಆಳವಿಲ್ಲ. ಹವಳದ ಚೂರು ಕಾಲಿಗೆ ಚುಚ್ಚುವುದರಿಂದ ರಬ್ಬರ್ ಚಪ್ಪಲಿ ಬೇಕು. ಉಣವಟುನ ಕೊಲ್ಲಿಯಾದ್ದರಿಂದ ಸಾಮಾನ್ಯವಾಗಿ ಶಾಂತ, ಆದರೆ ಗದ್ದಲ ಹೆಚ್ಚು.

ಇದೆಲ್ಲ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಮಾತು. ಮೇ ತಿಂಗಳಿಂದ ನೈಋತ್ಯ ಮುಂಗಾರು ದಕ್ಷಿಣ, ಪಶ್ಚಿಮ ಕರಾವಳಿಯನ್ನು ಹೊಡೆಯುತ್ತದೆ. ಅದೇ ಹೊತ್ತಿಗೆ ಪೂರ್ವದ ತ್ರಿಂಕೋಮಲಿ, ನಿಲಾವೆಲಿ, ಪಾಸಿಕುಡಾ ತೀರಗಳು ತಿಳಿಯಾಗಿರುತ್ತವೆ. ನಮ್ಮ ಶಾಲೆಗಳ ಬೇಸಿಗೆ ರಜೆಯಲ್ಲಿ ಹೋಗುವವರು ಮೇ ತಿಂಗಳಾದರೆ ಪೂರ್ವಕ್ಕೆ ಹೋಗಿ. ಏಪ್ರಿಲ್ 13, 14ರ ಸುಮಾರಿಗೆ ಸಿಂಹಳ ಮತ್ತು ತಮಿಳು ಹೊಸವರ್ಷ: ಅಂಗಡಿಗಳು ಮುಚ್ಚಿರುತ್ತವೆ, ಡ್ರೈವರುಗಳು ಊರಿಗೆ ಹೋಗಿರುತ್ತಾರೆ. ದಸರಾ ರಜೆ ಅಕ್ಟೋಬರಿನಲ್ಲಿ ಬಿದ್ದರೆ ಎರಡು ಮಳೆಗಾಲಗಳ ನಡುವಿನ ಸಂಧಿ, ಮಧ್ಯಾಹ್ನದ ಗುಡುಗು ಮಳೆಗೆ ಸಿದ್ಧರಿರಬೇಕು.

ಯಾಲವೋ, ಉಡವಲವೆಯೋ

ಯಾಲ, ಉಡವಲವೆ ಎರಡೂ ರಾಷ್ಟ್ರೀಯ ಉದ್ಯಾನಗಳು. ಯಾಲ ಚಿರತೆಗೆ ಹೆಸರುವಾಸಿ. ಅದಕ್ಕೇ ಜೀಪುಗಳ ಸಾಲೂ ಉದ್ದ. ಒಂದು ಚಿರತೆಯ ಸುಳಿವು ಸಿಕ್ಕಿದರೆ ಎಲ್ಲ ಜೀಪುಗಳೂ ಅಲ್ಲಿಗೇ ನುಗ್ಗುತ್ತವೆ, ಧೂಳಿನಲ್ಲಿ ಮಕ್ಕಳು ಕೆಮ್ಮುತ್ತಾ ಕೂರಬೇಕು. ಕತ್ತಲಿರುವಾಗಲೇ ಎಬ್ಬಿಸಿ ಹತ್ತಿರದ ಊರು ತಿಸ್ಸಮಹಾರಾಮದಿಂದ ಹೊರಡಿಸಬೇಕು. ಉಡವಲವೆಯಲ್ಲಿ ಚಿರತೆ ಕಾಣುವುದು ಅಪರೂಪ, ಆದರೆ ಬಯಲು ಹೆಚ್ಚಿರುವುದರಿಂದ ವರ್ಷವಿಡೀ ಆನೆಗಳು ಕಾಣುತ್ತವೆ. ಪಕ್ಕದಲ್ಲೇ 1995ರಲ್ಲಿ ಶುರುವಾದ ಅನಾಥ ಆನೆಮರಿಗಳ ಆರೈಕೆ ಕೇಂದ್ರವಿದೆ. ಹಾಲು ಕುಡಿಸುವ ಹೊತ್ತಿಗೆ ಮರಿಗಳು ಓಡಿಬಂದು ಲಾಳಿಕೆಗೆ ಬಾಯಿ ಹಚ್ಚುತ್ತವೆ. ನೋಡುವವರು ದೂರದ ಕಟ್ಟೆಯಲ್ಲೇ ಕೂರಬೇಕು, ಮುಟ್ಟುವಂತಿಲ್ಲ, ಈ ಮರಿಗಳನ್ನು ಮತ್ತೆ ಕಾಡಿಗೇ ಬಿಡುವುದರಿಂದ ಆ ನಿಯಮ ಸರಿಯೇ. ಕಬಿನಿ ಹಿನ್ನೀರಿನಲ್ಲಿ ಬೇಸಿಗೆಯ ಆನೆ ಹಿಂಡು ನೋಡಿದವರಿಗೂ ಈ ಕೇಂದ್ರ ಹೊಸ ಅನುಭವ. ಮಕ್ಕಳಿದ್ದರೆ ಉಡವಲವೆಗೇ ನಮ್ಮ ಓಟು. ಆಗಸ್ಟ್, ಸೆಪ್ಟೆಂಬರಿನಲ್ಲಿ ಹೋದರೆ ಮಾತ್ರ ಮಿನ್ನೇರಿಯ: ಕೆರೆ ಬತ್ತಿ ಹುಲ್ಲು ಚಿಗುರಿದಾಗ ಆನೆಗಳು ಗುಂಪುಗುಂಪಾಗಿ ಅಲ್ಲಿ ಸೇರುತ್ತವೆ.

ಸಿಗಿರಿಯಾ ಬಂಡೆಕೋಟೆಯ 1,200 ಮೆಟ್ಟಿಲು ಹತ್ತುವವರು ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ, ಒಂಬತ್ತರ ಮೇಲೆ ಬಂಡೆ ಕಾಯುತ್ತದೆ. ಸಾರ್ಕ್ ದೇಶದವರಿಗೆ ಟಿಕೆಟ್ ದರದಲ್ಲಿ ರಿಯಾಯಿತಿ ಉಂಟು, ಮೂಲ ಪಾಸ್‌ಪೋರ್ಟ್ ಜೊತೆಗಿರಲಿ. ಎದುರಿನ ಪಿದುರಂಗಲ ಅಗ್ಗ, ನೋಟವೂ ಸೊಗಸು, ಆದರೆ ತುದಿಯಲ್ಲಿ ಬಂಡೆಗಳ ಸಂದಿನಲ್ಲಿ ತೆವಳಬೇಕು. ಹಿರಿಯರಿಗೆ ಆಗದು.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಅನ್ನದ ಜೊತೆ ಬರುವ ಪೊಲ್ ಸಂಬೋಲ, ಅಂದರೆ ಅವರ ಕೆಂಪು ಕಾಯಿಚಟ್ನಿಯಲ್ಲಿ ಉಂಬಲಕಡ ಎಂಬ ಒಣಮೀನಿನ ಪುಡಿ ಹಾಕುವುದು ವಾಡಿಕೆ. ಪರಿಪ್ಪು ಎಂಬ ಬೇಳೆಸಾರಿಗೂ ಕೆಲವರು ಹಾಕುತ್ತಾರೆ. ‘ವೆಜಿಟೇರಿಯನ್’ ಎಂದರೂ ಇದು ಲೆಕ್ಕಕ್ಕೆ ಬರದೇ ಹೋಗಬಹುದು. ‘ಉಂಬಲಕಡ ದಾನ್ನ ಎಪಾ’ ಎಂದರೆ ಅಡುಗೆಯವರಿಗೆ ತಕ್ಷಣ ಅರ್ಥವಾಗುತ್ತದೆ. ಕ್ಯಾಂಡಿ, ನುವಾರ ಎಲಿಯಾ, ಕೊಲಂಬೊದಲ್ಲಿ ತಮಿಳರ ಸೈವ ಹೋಟೆಲುಗಳಿವೆ, ಇಡ್ಲಿ ದೋಸೆಗೆ ಕೊರತೆಯಿಲ್ಲ. ಮಣ್ಣಿನ ಕುಡಿಕೆಯ ಎಮ್ಮೆ ಮೊಸರಿಗೆ ಕಿತುಳ್ ಬೆಲ್ಲದ ಪಾಕ ಸುರಿದು ಕೊಡುತ್ತಾರೆ. ಅದು ನಮ್ಮ ಮಲೆನಾಡಿನ ಬೈನೆ ಮರದ್ದೇ ಪಾಕ, ಮಕ್ಕಳು ಬಟ್ಟಲು ನೆಕ್ಕುತ್ತಾರೆ.

ಕಡೆಯ ರಾತ್ರಿಯ ವಸತಿ ಕೊಲಂಬೊದಲ್ಲಿ ಬೇಡ, ನೆಗೊಂಬೊದಲ್ಲಿ ಇರಲಿ. ವಿಮಾನನಿಲ್ದಾಣ ಅಲ್ಲಿಂದ ಸುಮಾರು 10 ಕಿ.ಮೀ., ಬೆಳಗಿನ ವಿಮಾನವಿದ್ದರೂ ಮಕ್ಕಳಿಗೆ ನಿದ್ದೆ ಕೆಡುವುದು ಕಡಿಮೆ. ವ್ಯಾನನ್ನು ಹಿಂದಿನ ಸಂಜೆಯೇ ಬಿಟ್ಟುಕೊಟ್ಟು, ಬೆಳಿಗ್ಗೆ ಹೋಟೆಲಿನವರಿಂದಲೇ ಟ್ಯಾಕ್ಸಿ ಹೇಳಿಸಿದರೆ ಒಂದು ದಿನದ ಬಾಡಿಗೆಯೂ ಉಳಿಯುತ್ತದೆ.