ಐ.ಇ., ಇ.ಜಿ., ವಿಜ್.: ಯಾವುದು ಎಲ್ಲಿಗೆ?

ಚಿಕ್ಕಮಗಳೂರಿನ ನಮ್ಮ ತೋಟದ ಹೋಂಸ್ಟೇಗೆ ಇಂಗ್ಲಿಷಿನಲ್ಲಿ ನಿಯಮ ಬರೆಯುವಾಗ ಐ.ಇ. (i.e.) ಹಾಕಲಾ, ಇ.ಜಿ. (e.g.) ಹಾಕಲಾ ಎಂದು ತಂಗಿ ಕೇಳಿದಳು. ಎರಡೂ ಲ್ಯಾಟಿನ್ ಮಾತುಗಳ ಚುಟುಕು ರೂಪ. ‘ಇಡ್ ಎಸ್ಟ್’ (ಐ.ಇ.) ಎಂದರೆ ‘ಅಂದರೆ’; ‘ಎಕ್ಸೆಂಪ್ಲಿ ಗ್ರಾಷಿಯಾ’ (ಇ.ಜಿ.) ಎಂದರೆ ‘ಉದಾಹರಣೆಗೆ’.

‘ಬೆಳಗಿನ ತಿಂಡಿ, ಇ.ಜಿ. ಅಕ್ಕಿರೊಟ್ಟಿ’ ಅಂತ ಬರೆದರೆ ನಾಳೆ ಕಡುಬು ಕೊಟ್ಟರೂ ನಡೆಯುತ್ತೆ. ಐ.ಇ. ಹಾಕಿದರೆ ದಿನಾ ಅಕ್ಕಿರೊಟ್ಟಿನೇ ಸುಡಬೇಕು, ಅಲ್ವಾ? ಹಾಗಾಗಿ ತಿಂಡಿಗೆ ಇ.ಜಿ., ದುಡ್ಡಿನ ಮಾತಿಗೆ ಐ.ಇ. ಇ.ಜಿ. ಹಾಕಿದ ಮೇಲೆ ಕೊನೆಗೆ ಎಟ್‌ಸೆಟ್ರಾ ಬೇಡ, ಸುಮ್ನೆ ಜಾಸ್ತಿ.

ಪೂರ್ತಿ ಪಟ್ಟಿ ಕೊಡಲು ವಿಜ್. (viz., ‘ಹೆಸರಿಸಿ ಹೇಳುವುದಾದರೆ’) ಇದೆ: ನಮ್ಮಲ್ಲಿ ಕಾಫಿ ಎರಡು ಬಗೆ, ವಿಜ್. ಅರೇಬಿಕಾ, ರೋಬಸ್ಟಾ. ಕ್ರಯಪತ್ರಕ್ಕೆ ಒಪ್ಪುತ್ತೆ. ಬಂದ ಅತಿಥಿಗಳಿಗಾದರೆ ‘ನೇಮ್ಲಿ’ ಅಂತಲೇ ಬರೆಯಿರಿ.