ಮೂರು ಕಡಲ ದಾರಿ, ಒಂದು ಬೆಟ್ಟ: ಬಸ್ಸಿನವರ ನಡಿಗೆಗೆ ಯಾವುದು ಮೇಲು?

ಕಾರಿನಲ್ಲಿ ಹೋಗಿ ನಡೆಯುವವರು ಎಷ್ಟು ದೂರ ನಡೆದರೂ ಕಾರು ನಿಲ್ಲಿಸಿದ ಜಾಗಕ್ಕೇ ಮರಳಬೇಕು. ಬಸ್ಸಿನವರಿಗೆ ಆ ಕಟ್ಟು ಇಲ್ಲ. ಒಂದೂರಿನಲ್ಲಿ ಇಳಿದು ಇನ್ನೊಂದೂರಿನಲ್ಲಿ ಹತ್ತಬಹುದು. ಹಾಗಾಗಿ ಮಂಗಳೂರು, ಉಡುಪಿಯ ಸುತ್ತಮುತ್ತ ಒಂದು ದಾರಿ ನಡೆಯಲು ಲಾಯಕ್ಕೇ ಎಂದು ತೂಗುವಾಗ ನಾನು ಮೊದಲು ನೋಡುವುದು ಅದರ ಎರಡು ತುದಿಗಳನ್ನು. ಇಳಿಯುವಲ್ಲಿ ಬಸ್ ಇದ್ದು ಮುಗಿಯುವಲ್ಲಿ ಇಲ್ಲವಾದರೆ, ನಡುವೆ ಎಷ್ಟು ಚೆಂದವಿದ್ದರೂ ಕೊನೆಗೆ ರಿಕ್ಷಾದವನ ಬಾಯಿಗೆ ಬಂದಷ್ಟು ತೆರಬೇಕಾಗುತ್ತದೆ.

ಇದೇ ಲೆಕ್ಕದಲ್ಲಿ ಕುದುರೆಮುಖ ಹೊರಗುಳಿಯಿತು. ಕಳಸದ ಬಸ್ಸಿನಲ್ಲಿ ಹೋಗಿ ಇಳಿಯಬಹುದು, ಆದರೆ ಚಾರಣ ಶುರುವಾಗುವ ಮುಳ್ಳೋಡಿಗೆ ಎಲ್ಲರೂ ಏರುವುದು ಜೀಪನ್ನೇ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ರೈಲು ಹಳಿಯ ಮೇಲೆ ನಡೆಯುವುದನ್ನು ಇಂದಿಗೂ ಚಾರಣವೆಂದು ಹೊಗಳುವವರಿದ್ದಾರೆ. ಅದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಅತಿಕ್ರಮ ಪ್ರವೇಶ. ಸುರಂಗದ ನಡುವೆ ಗೂಡ್ಸ್ ರೈಲು ಎದುರಾದರೆ ಕಾಯ್ದೆಯ ಮಾತು ಆಮೇಲಿನದು. ಅದು ನನ್ನ ಪಟ್ಟಿಯಲ್ಲಿಲ್ಲ.

ಉಳಿದದ್ದು ಕಡಲು. ನಕ್ಷೆಯಲ್ಲಿ ನಮ್ಮ ಕರಾವಳಿ ಉದ್ದಕ್ಕೂ ಒಂದೇ ಮರಳಿನ ಪಟ್ಟಿಯಂತೆ ಕಾಣುತ್ತದೆ. ನಡೆಯಲು ಹೊರಟವರಿಗೆ ಮಾತ್ರ ನದಿಗಳು ಕಡಲು ಸೇರುವ ಅಳಿವೆಗಳು ಅಡ್ಡ ಬರುತ್ತವೆ: ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳದ್ದು, ಮೂಲ್ಕಿಯಲ್ಲಿ ಶಾಂಭವಿ–ನಂದಿನಿಯದು, ಮಲ್ಪೆಯಲ್ಲಿ ಉದ್ಯಾವರ ಹೊಳೆಯದು, ಕೋಡಿಬೆಂಗ್ರೆಯಲ್ಲಿ ಸುವರ್ಣಾ–ಸೀತಾ ನದಿಗಳದ್ದು. ಸುರತ್ಕಲ್‌ನಿಂದ ಪಣಂಬೂರಿಗೆ ಮರಳಿನಲ್ಲೇ ಬರೋಣವೆಂದರೆ ನವಮಂಗಳೂರು ಬಂದರು ಅಡ್ಡ. ಅಳಿವೆ ದಾಟಿಸುವ ದೋಣಿಯೋ ಸೇತುವೆಯೋ ಇರುವ ಕಡೆಯಷ್ಟೇ ಒಳ್ಳೆಯ ದಾರಿ ಹುಟ್ಟುತ್ತದೆ.

ಮೊದಲನೆಯದು ಪಣಂಬೂರಿನಿಂದ ಬೆಂಗ್ರೆಗೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಸುರತ್ಕಲ್ ಕಡೆಯ ಸಿಟಿ ಬಸ್ ಹತ್ತಿ ಪಣಂಬೂರಿನಲ್ಲಿ ಇಳಿದರಾಯಿತು. ಹೆದ್ದಾರಿಯಿಂದ ಕಡಲಿನವರೆಗಿನ ತುಣುಕು ಬರೀ ಲಾರಿ, ಧೂಳು. ಮರಳಿಗೆ ಕಾಲಿಟ್ಟು ದಕ್ಷಿಣಕ್ಕೆ ತಿರುಗಿದರೆ ಮುಂದೆ ವಾಹನದ ಸುಳಿವಿಲ್ಲ. ಬಲಕ್ಕೆ ಕಡಲು, ಎಡಕ್ಕೆ ಗಾಳಿಮರದ ತೋಪು, ಸ್ವಲ್ಪ ದೂರದವರೆಗೆ ಬೆನ್ನಿಗೆ ಕಾರ್ಖಾನೆಯ ಹೊಗೆಕೊಳವೆಗಳು. ನಾಲ್ಕೈದು ಕಿಲೋಮೀಟರಿಗೆ ತಣ್ಣೀರುಬಾವಿ. ಸಾಕೆನಿಸಿದರೆ ಅಲ್ಲಿಂದ ದೋಣಿಯಲ್ಲಿ ನದಿ ದಾಟಿ ಸುಲ್ತಾನ್ ಬತ್ತೇರಿಗೆ ಬರಬಹುದು. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಕಾವಲು ಬುರುಜು ದಡದಲ್ಲೇ ಇದೆ. ಸಾಲದೆನಿಸಿದವರು ಮುಂದುವರಿದು ಕಸಬಾ ಬೆಂಗ್ರೆ ತಲುಪಿ, ಅಲ್ಲಿಂದ ಫೆರಿಯಲ್ಲಿ ಹಳೆಬಂದರಿಗೆ ದಾಟಬಹುದು. ಬಂದರಿನಿಂದ ಸ್ಟೇಟ್ ಬ್ಯಾಂಕ್‌ಗೆ ಮೀನಿನ ವಾಸನೆಯ ಗಲ್ಲಿಗಳಲ್ಲಿ ಒಂದಿಷ್ಟು ನಡಿಗೆ, ಅಷ್ಟೆ.

ಈ ಫೆರಿಗಾಗಿಯೇ ನಾನು ಮತ್ತೆ ಮತ್ತೆ ಅಲ್ಲಿಗೆ ಹೋಗುತ್ತೇನೆ. ಅದು ಪ್ರವಾಸಿಗರ ದೋಣಿಯಲ್ಲ. ಬೆಂಗ್ರೆಯವರಿಗೆ ಪೇಟೆಗೆ ಅದೇ ಹತ್ತಿರದ ದಾರಿ. ಅಕ್ಕಿ ಮೂಟೆ, ಶಾಲೆಯ ಮಕ್ಕಳು, ಖಾಲಿ ಮೀನುಬುಟ್ಟಿ ಎಲ್ಲವೂ ಒಟ್ಟಿಗೆ ಏರುತ್ತವೆ. ದಡ ಮುಟ್ಟುವ ಮೊದಲೇ ಮಕ್ಕಳು ಅಂಚಿಗೆ ಬಂದು ನಿಂತಿರುತ್ತಾರೆ. ಹಗ್ಗ ಕಟ್ಟುವವನು ದಿನವೂ ಗದರುತ್ತಾನೆ, ಅವರು ದಿನವೂ ಹಾರುತ್ತಾರೆ.

ಎರಡನೆಯದು ಪಡುಕೆರೆಯಿಂದ ಮಟ್ಟು ಮಾರ್ಗವಾಗಿ ಕಾಪು. ಉಡುಪಿಯಿಂದ ಮಲ್ಪೆಗೆ ಬಸ್ಸಿಗೆ ಕೊರತೆಯಿಲ್ಲ. ಬಂದರಿನ ಪಕ್ಕದ ಸೇತುವೆ ದಾಟಿದರೆ ಪಡುಕೆರೆ. ಅಲ್ಲಿಂದ ಕಾಪು ದೀಪಸ್ತಂಭಕ್ಕೆ ಹದಿಮೂರು-ಹದಿನಾಲ್ಕು ಕಿಲೋಮೀಟರ್. ಮೂರರಲ್ಲಿ ಇದೇ ಉದ್ದ. ಮಟ್ಟುವಿನವರೆಗೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಮನೆ, ತೆಂಗು, ಒಂದು ಕಿರುರಸ್ತೆ. ಕಡಲ್ಕೊರೆತಕ್ಕೆಂದು ಬಂಡೆ ಸುರಿದಿರುವಲ್ಲಿ ಮರಳು ಸಿಗದೆ ಆ ರಸ್ತೆಗೇ ಇಳಿಯಬೇಕಾಗುತ್ತದೆ. ಭಾನುವಾರ ಸಂಜೆ ಅಲ್ಲಿ ಬೈಕುಗಳದ್ದೇ ರಾಜ್ಯ. ಪೂರ್ತಿ ವಾಹನವಿಲ್ಲದ ದಾರಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಆದರೂ ಇಲ್ಲಿ ಕಾಣಸಿಗುವುದು ಹೆಚ್ಚು. ದಡದಿಂದಲೇ ಎಳೆಯುವ ಬಲೆ ಕೈರಂಪಣಿಯನ್ನು ಎಳೆಯುವ ದಿನ ಹೋದರೆ ಒಂದು ಗಂಟೆ ಅಲ್ಲೇ ಕಳೆಯುತ್ತದೆ. ಬಲೆಯ ಎರಡು ಹಗ್ಗಗಳಿಗೆ ಎರಡು ಗುಂಪು. ಹಿಮ್ಮುಖವಾಗಿ ಹೆಜ್ಜೆಯಿಡುತ್ತಾ ಎಳೆಯುತ್ತಾರೆ. ಹಿಂದಿನ ತುದಿಯವನು ಹಗ್ಗ ಬಿಟ್ಟು ನೀರಿನಂಚಿಗೆ ಓಡಿ ಮುಂದಿನ ತುದಿ ಹಿಡಿಯುತ್ತಾನೆ. ಎಳೆದಂತೆಲ್ಲ ಎರಡು ಗುಂಪುಗಳೂ ಹತ್ತಿರವಾಗುತ್ತಾ, ಕೊನೆಗೆ ಬಲೆಯ ಚೀಲ ಮರಳಿಗೆ ಬಂದಾಗ ಒಂದೇ ಗುಂಪಾಗಿರುತ್ತವೆ. ನಾನು ಕಾಪುವಿಗೆ ನಡೆದು ಹೋಗುತ್ತಿದ್ದೇನೆ ಎಂದಾಗ ಬೂತಾಯಿ ಮೀನು ಆರಿಸುತ್ತಿದ್ದ ಹೆಂಗಸೊಬ್ಬರು, "ಬಸ್ ಉಂಟಲ್ಲ ಮಾರಾಯ್ತಿ!" ಎಂದು ನಿಜವಾಗಿಯೂ ಮರುಗಿದರು.

ಮಟ್ಟುವಿನಲ್ಲಿ ದಾರಿ ಬಿಟ್ಟು ಕೊಂಚ ಒಳಗೆ ಹೋದರೆ ಗುಳ್ಳದ ಗದ್ದೆಗಳು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬದನೆ ಇದು. ಬೀಜ ಕೊಟ್ಟವರು ವಾದಿರಾಜರು ಎಂಬುದು ಇಲ್ಲಿಯ ನಂಬಿಕೆ. ಕೊನೆಯಲ್ಲಿ ಕಾಪು: ಬಂಡೆಯ ಮೇಲೆ 1901ರ ದೀಪಸ್ತಂಭ. ಮಟ್ಟುವಿನಿಂದ ಈಚೆಗೆ ಅದು ಕಣ್ಣೆದುರೇ ಇರುತ್ತದೆ, ಎಷ್ಟು ನಡೆದರೂ ಹತ್ತಿರ ಬರುವುದಿಲ್ಲ. ದಣಿದ ಕಾಲಿಗೆ ಇದಕ್ಕಿಂತ ದೊಡ್ಡ ಹಿಂಸೆಯಿಲ್ಲ. ದೀಪಸ್ತಂಭದಿಂದ ಹೆದ್ದಾರಿಗೆ ಬಂದರೆ ಮಂಗಳೂರಿಗಾಗಲಿ ಉಡುಪಿಗಾಗಲಿ ಬಸ್ಸಿಗೆ ಕಾಯುವ ಮಾತೇ ಇಲ್ಲ. ತುದಿಗಳ ಲೆಕ್ಕದಲ್ಲಿ ಇದಕ್ಕೆ ಸರಿಸಾಟಿ ಬೇರೊಂದಿಲ್ಲ.

ಮೂರನೆಯದು ಮಲ್ಪೆಯಿಂದ ಉತ್ತರಕ್ಕೆ, ಹೂಡೆ ದಾಟಿ ಕೋಡಿಬೆಂಗ್ರೆಗೆ, ಒಂಬತ್ತು-ಹತ್ತು ಕಿಲೋಮೀಟರ್. ನೋಟಕ್ಕೆ ಇದೇ ಮೊದಲು. ಸುವರ್ಣಾ ನದಿ ಕಡಲಿಗೆ ಸಮಾನಾಂತರವಾಗಿ ಉತ್ತರಕ್ಕೆ ಹರಿದು ಸೀತಾ ನದಿಯನ್ನು ಕೂಡುತ್ತದೆ. ಕಡಲಿಗೂ ಸುವರ್ಣಾ ನದಿಗೂ ನಡುವಿನ ನೆಲ ಹೋಗುತ್ತಾ ಹೋಗುತ್ತಾ ಸಪುರವಾಗಿ, ಕೊನೆಯಲ್ಲಿ ಒಂದು ರಸ್ತೆ, ಒಂದು ಸಾಲು ಮನೆಯಷ್ಟೇ ಉಳಿಯುತ್ತದೆ. ನದಿಯ ಬದಿಯಲ್ಲಿ ಇಳಿತದ ಹೊತ್ತಿಗೆ ಸೊಂಟದುದ್ದ ನೀರಿನಲ್ಲಿ ಮರುವಾಯಿ ಚಿಪ್ಪು ಹೆಕ್ಕುವವರು ಕಾಣುತ್ತಾರೆ. ತೊಂದರೆಯಿರುವುದು ಅಲ್ಲಿಂದ ಹೊರಬರುವುದರಲ್ಲಿ. ಕೋಡಿಬೆಂಗ್ರೆಗೆ ಉಡುಪಿಯ ಬಸ್ ಇದೆ, ಆದರೆ ಮಲ್ಪೆಯಷ್ಟು ಸಲೀಸಲ್ಲ. ಹಂಗಾರಕಟ್ಟೆಗೆ ಬಾರ್ಜ್‌ನಲ್ಲಿ ದಾಟಿ ಬಾರ್ಕೂರಿನ ಕಡೆ ಹೋದರೆ ನಡಿಗೆಗೆ ಒಂದು ಘನತೆ ಬರುತ್ತದೆ. ಆದರೆ ಬಾರ್ಜ್ ಓಡುತ್ತಿದೆಯೇ ಎಂದು ಹೂಡೆಯಲ್ಲೇ ಯಾರನ್ನಾದರೂ ಕೇಳಿಕೊಂಡು ಮುಂದುವರಿಯಿರಿ.

ಇನ್ನು ಕುಮಾರಪರ್ವತ. ಇದನ್ನು ಕಡಲ ದಾರಿಗಳ ಜೊತೆ ತೂಗುವುದು ಅನ್ಯಾಯವೆಂದು ಗೊತ್ತು. ಆದರೆ ಬಸ್ಸಿಳಿದು, ಜೀಪಿನ ಹಂಗಿಲ್ಲದೆ, ಊರಿನಿಂದಲೇ ಕಾಲ್ನಡಿಗೆ ಆರಂಭಿಸಬಹುದಾದ ದೊಡ್ಡ ಬೆಟ್ಟ ಇದು. ಕುಕ್ಕೆ ಸುಬ್ರಹ್ಮಣ್ಯಕ್ಕೆ ಮಂಗಳೂರಿನಿಂದ ಸರ್ಕಾರಿ ಬಸ್ ಉಂಟು, ಹಾಗಾಗಿ ಶಕ್ತಿ ಯೋಜನೆಯಲ್ಲಿ ನಮಗೆ ಹೆಂಗಸರಿಗೆ ಟಿಕೆಟ್ ಉಚಿತ. ಮಲ್ಪೆ, ಪಣಂಬೂರಿನ ಬಸ್ಸುಗಳು ಹೆಚ್ಚಿನವು ಖಾಸಗಿಯಾದ್ದರಿಂದ ಅಲ್ಲಿ ಈ ಸೌಲಭ್ಯ ದಕ್ಕುವುದು ಅಪರೂಪ. ರೈಲಿನಲ್ಲಿ ಬಂದವರಿಗೆ ನಿಲ್ದಾಣದಿಂದ ದೇವಸ್ಥಾನಕ್ಕೆ ಮತ್ತೆ ಹನ್ನೆರಡು ಕಿಲೋಮೀಟರ್ ಬಾಕಿ. ಶಿಖರ 1,712 ಮೀಟರ್; ಏರಬೇಕಾದದ್ದು 1,500 ಮೀಟರಿಗೂ ಹೆಚ್ಚು. ಹಿಂದಿನ ರಾತ್ರಿ ಕುಕ್ಕೆಯಲ್ಲಿ ಉಳಿಯಲೇಬೇಕು, ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟನ್ನು ಮೊದಲೇ ಮಾಡಿಸಿರಬೇಕು. ದಾರಿ ನಡುವಿನ ಗಿರಿಗದ್ದೆಯ ನಂತರದ ಹುಲ್ಲುಬೋಳಿನಲ್ಲಿ ನೆರಳೆಂಬುದಿಲ್ಲ. ಹತ್ತಿದ ದಾರಿಯಲ್ಲೇ ಇಳಿದು ಕುಕ್ಕೆಗೆ ಬಂದರೆ, ಕಾರಿನವರಂತೆ ನಾವೂ ಹೊರಟಲ್ಲಿಗೇ ಮರಳಿದಂತಾಯಿತು.

ಒಂದೇ ಒಂದು ಭಾನುವಾರ ಬಿಡುವಿರುವವರಿಗೆ ನಾನು ಪಣಂಬೂರು–ಬೆಂಗ್ರೆಯನ್ನೇ ಹೇಳುತ್ತೇನೆ. ನಡುವೆ ತಣ್ಣೀರುಬಾವಿಯಲ್ಲಿ ಬಿಟ್ಟುಬರುವ ಅವಕಾಶವಿದೆ, ನೀರು-ತಿಂಡಿ ಸಿಗುತ್ತದೆ. ಒಂಟಿಯಾಗಿ ನಡೆಯುವ ಹೆಂಗಸರಿಗೆ ಇದು ಸಣ್ಣ ವಿಷಯವಲ್ಲ. ದೂರ ನಡೆಯುವ ಹಂಬಲವಿದ್ದವರಿಗೆ ಕಾಪು ದಾರಿ, ಅದೂ ವಾರದ ನಡುವೆ. ಕೋಡಿಬೆಂಗ್ರೆಗೆ ಗಡಿಯಾರ ನೋಡದ ದಿನವೇ ಆಗಬೇಕು.

ಯಾವ ದಾರಿಯಾದರೂ ಇಳಿತದ ಹೊತ್ತು ನೋಡಿ ಹೊರಡಿ. ಭರತದಲ್ಲಿ ಉಳಿಯುವುದು ಮೇಲಿನ ಸಡಿಲ ಮರಳು ಮಾತ್ರ. ಅದು ಇಳಿಜಾರು ಬೇರೆ, ದಕ್ಷಿಣಕ್ಕೆ ನಡೆದಷ್ಟೂ ಹೊತ್ತು ಬಲಗಾಲು ತಗ್ಗಿನಲ್ಲೇ ಬಿದ್ದು ಮರುದಿನ ಸೊಂಟ ಹಿಡಿಯುತ್ತದೆ. ಇಳಿತದಲ್ಲಿ ಒದ್ದೆ ಮರಳು ಗಟ್ಟಿಯಾಗಿ, ಸಪಾಟಾಗಿ ಸಿಗುತ್ತದೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ ಕಳೆದ ವಾರದ ಸಮಯ ಈ ವಾರಕ್ಕೆ ನಡೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂರೂ ದಾರಿಗಳನ್ನು ಮರೆತುಬಿಡಿ. ಆಗ ಅಲ್ಲಿ ನಡೆಯಲು ಮರಳೇ ಇರುವುದಿಲ್ಲ.