ಬೆಳಗಾವಿಯ ಎರಡು ಖಡೇ ಬಜಾರು: ಬಸ್ತಾ ಕಟ್ಟಿಸಲು ಹೊರಟವರಿಗೆ

ಬೆಳಗಾವಿಯಲ್ಲಿ ಖಡೇ ಬಜಾರು ಎರಡಿವೆ. ಮದುವೆ ಬಸ್ತಾ, ಅಂದರೆ ಮದುವೆಯ ಜವಳಿ-ಸಾಮಾನು, ಕಟ್ಟಿಸಲು ಹಳ್ಳಿಯಿಂದ ಗಾಡಿ ಮಾಡಿಕೊಂಡು ಬರುವವರಿಗೆ ಮೊದಲ ಪೇಚಾಟ ಇಲ್ಲೇ ಶುರು. ಹೆಣ್ಣಿನವರು ಊರೊಳಗಿನ ಖಡೇ ಬಜಾರಿನಲ್ಲಿ ನಿಂತಿರುತ್ತಾರೆ, ಗಂಡಿನವರು ಶಹಾಪುರದ ಖಡೇ ಬಜಾರಿನಲ್ಲಿ. "ಅಲ್ರೀ ಬೀಗರ, ಖಡೇ ಬಜಾರದಾಗ ಅದೀವಿ ಅಂದ್ರಲ್ಲಾ?" ಅಂತ ಎರಡೂ ಕಡೆಯಿಂದ ಫೋನು. ನಡುವೆ ರೈಲು ಹಳಿ, ಕಪಿಲೇಶ್ವರ ಮೇಲ್ಸೇತುವೆ. ಆಟೊದವರಿಗೆ ಬರೀ ಖಡೇ ಬಜಾರ್ ಎಂದರೆ ಊರೊಳಗಿನದಕ್ಕೇ ಒಯ್ಯುತ್ತಾರೆ. ಸೀರೆಗೆ ಹೊರಟವರು "ಶಹಾಪುರ, ನಾಥ ಪೈ ಸರ್ಕಲ್" ಎಂದು ಬಿಡಿಸಿ ಹೇಳಬೇಕು.

ಒಂದೇ ಹೆಸರಿನ ಎರಡು ಪೇಟೆ ಇರುವುದು ಯಾಕೆ ಅಂದರೆ, ಶಹಾಪುರ 1948ರವರೆಗೆ ಬೆಳಗಾವಿಯೇ ಆಗಿರಲಿಲ್ಲ. ಅದು ಸಾಂಗ್ಲಿ ಸಂಸ್ಥಾನದ ಊರು. ಬೆಳಗಾವಿ ಮುಂಬಯಿ ಪ್ರಾಂತದ ಜಿಲ್ಲಾ ಊರು, ದಂಡಿನ ಊರು. ಪಕ್ಕ ಪಕ್ಕದಲ್ಲಿದ್ದರೂ ಒಡೆತನ ಬೇರೆ, ಪೇಟೆ ಬೇರೆ. ಶಹಾಪುರದಲ್ಲಿ ನೇಕಾರರು, ಸರಾಫರು. ಈ ಕಡೆ ಕಚೇರಿಗೆ, ದಂಡಿಗೆ, ಸುತ್ತಲ ಹಳ್ಳಿಗಳಿಗೆ ಸಾಮಾನು ಒದಗಿಸುವ ಅಂಗಡಿಗಳು. ಸಂಸ್ಥಾನ ಹೋಯಿತು, ಈಗ ಎರಡೂ ಒಂದೇ ಊರು. ಆದರೆ ವ್ಯಾಪಾರದ ಗುಣ ಇನ್ನೂ ಹಾಗೇ ಇದೆ: ನೇಯ್ಗೆ ಮತ್ತು ಬಂಗಾರ ಹಳಿಯಾಚೆ, ಉಳಿದದ್ದೆಲ್ಲ ಹಳಿಯೀಚೆ. ಬಸ್ತಾದ ಪಟ್ಟಿಯನ್ನೂ ಹಾಗೇ ಎರಡು ಹೋಳು ಮಾಡಿ, ಎರಡು ದಿನ ಇಟ್ಟುಕೊಳ್ಳುವುದು ಒಳ್ಳೆಯದು. ಒಂದೇ ದಿನ, ಒಂದೇ ಅಂಗಡಿಯಲ್ಲಿ ಪೂರ್ತಿ ಬಸ್ತಾ ಮುಗಿಸುವವರು ಎಲ್ಲಿ ಕಳೆದುಕೊಳ್ಳುತ್ತಾರೆ ಎಂಬುದನ್ನು ಮುಂದೆ ನೋಡೋಣ.

ಮೊದಲು ಶಹಾಪುರ. ಬೆನ್ನಿಗೇ ವಡಗಾವಿ, ಖಾಸಬಾಗದ ನೇಕಾರರ ಗಲ್ಲಿಗಳಿವೆ. ಓಣಿಯೊಳಗೆ ಕಾಲಿಟ್ಟರೆ ಮಗ್ಗದ ಖಟಖಟ ಕೇಳುತ್ತದೆ, ಆದರೆ ಅದು ಬಹುಪಾಲು ಪಾವರ್‌ಲೂಮಿನದು. ಇದು ತಪ್ಪೇನಲ್ಲ. ತಪ್ಪಾಗುವುದು ಪಾವರ್‌ಲೂಮ್ ಸೀರೆಗೆ ಕೈಮಗ್ಗದ ದುಡ್ಡು ಕೊಟ್ಟಾಗ. ಇಳಕಲ್ ಸೀರೆಯಲ್ಲಿ ಇದನ್ನು ಪತ್ತೆ ಮಾಡುವುದು ಸುಲಭ. ಕೈಮಗ್ಗದ ಇಳಕಲ್ಲಿನಲ್ಲಿ ಒಡಲಿನ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿಯೋ ರೇಷ್ಮೆಯೋ, ಸೆರಗಿಗೆ ಕೆಂಪು ರೇಷ್ಮೆ. ಈ ಎರಡು ಹಾಸಿನ ಎಳೆಗಳನ್ನು ಒಂದಕ್ಕೊಂದು ಕುಣಿಕೆ ಹಾಕಿ ಸೇರಿಸುತ್ತಾರೆ, ಅದೇ ಕೊಂಡಿ. ಒಡಲು ಮುಗಿದು ಸೆರಗು ಶುರುವಾಗುವ ಗೆರೆಯನ್ನು ಮಗ್ಗುಲು ಮಾಡಿ, ಕಣ್ಣು ಮುಚ್ಚಿ ತೋರುಬೆರಳು ಆಡಿಸಿ. ಸಣ್ಣ ಸಣ್ಣ ಗಂಟಿನಂಥ ಉಬ್ಬು ಸಾಲಾಗಿ ಸಿಗಬೇಕು. ನುಣ್ಣಗೆ ಜಾರಿದರೆ ಅದು ಒಂದೇ ಹಾಸಿನ ಸೀರೆ, ಸೆರಗಿನ ಬಣ್ಣವನ್ನು ಹೊಕ್ಕಿನಲ್ಲಿ (ಅಡ್ಡ ಎಳೆಯಲ್ಲಿ) ತಂದಿದ್ದಾರೆ. ಇಳಕಲ್ಲಿನ ಹಳೆಯ ಮಾದರಿಯಾದ ಟೋಪ ತೆನಿ ಸೆರಗಾದರೆ ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ ಪಟ್ಟಿ. ಬಿಳಿಯ ತೆನೆಯ ಹಲ್ಲು ಹಿಂಬದಿಯಲ್ಲೂ ಅಷ್ಟೇ ಚೊಕ್ಕ ಕಂಡರೆ ಒಳ್ಳೆಯ ಕೈ. ಹಿಂದೆ ಎಳೆಗಳು ಉದ್ದಕ್ಕೆ ತೇಲುತ್ತಿದ್ದರೆ ಯಂತ್ರದ ಕೆಲಸ.

ರೇಷ್ಮೆ ಎಂದು ಹೇಳಿ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಕೊಡುವುದು ಹೊಸದೇನಲ್ಲ. ಸೆರಗಿನ ತುದಿಯ ಗೊಂಡೆಯಿಂದ ಒಂದು ಎಳೆ ಕೇಳಿ ಪಡೆದು ಸುಟ್ಟು ನೋಡಬಹುದು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಉಳಿದ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ, ಇಲ್ಲವೆ ರೇಯಾನ್. ಎಳೆ ಕೊಡಲು ಗೊಣಗುವ ಅಂಗಡಿಯಲ್ಲಿ ದುಬಾರಿ ಸೀರೆ ಕೊಳ್ಳುವ ಗೋಜಿಗೆ ಹೋಗಬೇಡಿ. ಕೆಂಪು ಸೆರಗು ಬಣ್ಣ ಬಿಡುತ್ತದೆಯೇ ಎಂದು ನೋಡಲು ಬಿಳಿ ಕರವಸ್ತ್ರದ ಮೂಲೆ ಒದ್ದೆ ಮಾಡಿ ಒಂದು ನಿಮಿಷ ಒತ್ತಿ ಹಿಡಿದರೆ ಸಾಕು.

ಇನ್ನೊಂದು, ಸೀರೆಯನ್ನು ಗಾದಿಯ ಮೇಲೆ ಪೂರ್ತಿ ಬಿಚ್ಚಿಸಿ. ರೇಷ್ಮೆ ಸೀರೆ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಕೂತರೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಸೆರಗು ಮತ್ತು ದಡಿಯನ್ನಷ್ಟೇ ತೋರಿಸಿದರೆ ಇದು ಗೊತ್ತಾಗುವುದಿಲ್ಲ. ನಡುಒಡಲನ್ನು ಬೆಳಕಿಗೆ ಹಿಡಿದಾಗ ಮಡಿಕೆಯ ಜಾಗದಲ್ಲಿ ಸಣ್ಣ ತೂತಿನ ಸಾಲು ಕಂಡರೆ ಅಲ್ಲಿಗೇ ಬಿಡಿ, ಎಷ್ಟು ಸೋಡಿ (ರಿಯಾಯಿತಿ) ಕೊಟ್ಟರೂ.

ಇನ್ನು ಆಯಾರದ, ಅಂದರೆ ಉಡುಗೊರೆ ಕೊಡುವ, ಸೀರೆಗಳು. ಬಸ್ತಾದ ನಿಜವಾದ ಲೆಕ್ಕ ತಪ್ಪುವುದು ಇಲ್ಲಿ. ಮದುಮಗಳ ಸೀರೆಗೆ ಎರಡು ತಾಸು ಚೌಕಾಸಿ ಮಾಡಿದವರು ಬೀಗರಿಗೆ, ಅತ್ತೆ-ನಾದಿನಿಯರಿಗೆ, ಓಣಿಯವರಿಗೆ ಕೊಡುವ 40-50 ಸೀರೆಯನ್ನು ಕಟ್ಟಿನ ಲೆಕ್ಕದಲ್ಲಿ ಐದು ನಿಮಿಷಕ್ಕೆ ಮುಗಿಸುತ್ತಾರೆ. ಪೂರ್ತಿ ಬಸ್ತಾ ಒಂದೇ ಕಡೆ ತಗೊಂಡರೆ ಮೇಲಿನ ಸೀರೆಗೆ ದೊಡ್ಡ ಸೋಡಿ ಸಿಗುವುದು ಯಾಕೆ ಎಂದರೆ ಕೆಳಗಿನ ಕಟ್ಟಿನಲ್ಲಿ ಅದು ವಸೂಲಾಗುತ್ತದೆ. ಉಡಲು ಸೀರೆ ಐದೂವರೆ ಮೀಟರ್ ಬೇಕು. ಕುಪ್ಪಸ ಕೂಡಿದ್ದರೆ 6.30. ಅಗ್ಗದ ಕಟ್ಟಿನಲ್ಲಿ ಐದು ಮೀಟರಿನದೂ ಸೇರಿರುತ್ತದೆ, ಮಡಿಕೆಯಲ್ಲಿ ಕಾಣುವುದಿಲ್ಲ. ಮನೆಗೆ ಬಂದ ಅತ್ತೆಯವರು ಉಟ್ಟು ನೋಡಿದಾಗ ನಿರಿಗೆ ಸಾಲದೆ ಹೋಗುತ್ತದೆ, ಮಾತು ಮಾತ್ರ ವರ್ಷಪೂರ್ತಿ ಸಾಲುತ್ತದೆ. ಪ್ರತಿ ಕಟ್ಟಿನ ನಡುವಿನಿಂದ ಎರಡು ಸೀರೆ ಎಳೆಸಿ ಮೀಟರ್ ಕೋಲಿನಲ್ಲಿ ಅಳೆಸಿ. ಒಂಬತ್ತು ವಾರಿ ಉಡುವ ಅಜ್ಜಿಯಂದಿರಿದ್ದರೆ 8.2 ಮೀಟರ್ ಆಗಬೇಕು. ಇವು ಎಲ್ಲ ಅಂಗಡಿಯಲ್ಲಿ ಇರುವುದಿಲ್ಲ, ಮೊದಲೇ ಹೇಳಿ ತರಿಸಬೇಕು.

ಖಣದಲ್ಲೂ, ಅಂದರೆ ಕುಪ್ಪಸದ ಬಟ್ಟೆಯಲ್ಲೂ, ಅಳತೆಯದೇ ತಕರಾರು. ಗುಳೇದಗುಡ್ಡದ ಖಣ ಬಾಗಲಕೋಟೆ ಸೀಮೆಯ ಕೈಮಗ್ಗದ ಬಟ್ಟೆ, ಪನ್ನಾ (ಬಟ್ಟೆಯ ಅಗಲ) ಚಿಕ್ಕದು. ಈಗ ಅದೇ ಹೆಸರಿನಲ್ಲಿ ಅಗಲ ಪನ್ನಾದ ಪಾಲಿಸ್ಟರ್ ಖಣ ಥಾನುಗಟ್ಟಲೆ ಬರುತ್ತದೆ, ಸೀರೆ, ಪರ್ಸು, ಕುರ್ತಾ ಎಲ್ಲಕ್ಕೂ. ಉಡಿ ತುಂಬಲು ಅದು ನಡೆಯುತ್ತದೆ. ಕುಪ್ಪಸ ಹೊಲಿಸಿ ಬೇಸಿಗೆ ಮದುವೆಯಲ್ಲಿ ತೊಡುವವರಿಗೆ ಮಾತ್ರ ಅಸಲಿ ಖಣವೇ ಬೇಕು. ಪನ್ನಾ ಎಷ್ಟೆಂದು ಟೇಲರ್‌ಗೆ ಹೇಳಿ, ಎಷ್ಟು ಉದ್ದ ಬೇಕೆಂದು ಕೇಳಿಕೊಂಡೇ ಹರಿಸಿ. ಚಿಕ್ಕ ಪನ್ನಾದಲ್ಲಿ ತೋಳಿಗೆ ಬಟ್ಟೆ ಸಾಲದೆ ಬಗಲಲ್ಲಿ ತೇಪೆ ಬೀಳುತ್ತದೆ. ಗಂಡಸರಿಗೆ ಮರ್ಯಾದೆಯ ಉಡುಗೊರೆಗೆ ಧೋತರ, ಟಾವೆಲ್ ಬೇಕಿದ್ದರೆ ಹುದಲಿಯ ಖಾದಿ ಕೇಳಿ. ಬೆಳಗಾವಿ ತಾಲೂಕಿನದೇ ಊರು. ಪಾಲಿಸ್ಟರ್ ಟಾವೆಲ್ ಹೂವಿನ ಹಾರದ ಹಾಗೆ ಹೆಗಲ ಮೇಲೆ ಕೂತೀತೇ ಹೊರತು ಮೈ ಒರೆಸಲು ಬರುವುದಿಲ್ಲ.

ಫಾಲ್-ಪಿಕೋ ಮಾಡಿಸುವಾಗ ಫಾಲ್ ಪಟ್ಟಿಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿಯೇ ಹಚ್ಚಲು ಹೇಳಿ. ಹಾಗೇ ಹಚ್ಚಿದರೆ ಮೊದಲ ಒಗೆತಕ್ಕೆ ಹತ್ತಿಯ ಫಾಲ್ ಕುಗ್ಗಿ ದಡಿ ಸುಕ್ಕುಗಟ್ಟುತ್ತದೆ. ಪಿಕೋ ಆದ ಸೀರೆಯನ್ನು ಯಾರೂ ಬದಲಿ ಮಾಡಿ ಕೊಡುವುದಿಲ್ಲ, ಹಾಗಾಗಿ ಮನೆಯವರೆಲ್ಲ ನೋಡಿ ಒಪ್ಪುವ ತನಕ ಅದಕ್ಕೆ ಕೈ ಹಚ್ಚಬೇಡಿ. ಬದಲಿಗೆ ಎಷ್ಟು ದಿನ ವಾಯಿದೆ ಎಂಬುದನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ, ಬಾಯಿಮಾತು ಸೀಸನ್ನಿನಲ್ಲಿ ನಿಲ್ಲುವುದಿಲ್ಲ.

ಶಹಾಪುರದ ಸರಾಫ ಗಲ್ಲಿಯ ಬಗ್ಗೆ ಚಿಕ್ಕದಾಗಿ. ಬೋರಮಾಳ, ಟೀಕಿ, ಗುಂಡಿನ ಸರದಂಥ ನಮ್ಮ ಕಡೆಯ ಮಾದರಿ ಮಾಡುವ ಕೈಗಳು ಇನ್ನೂ ಇಲ್ಲಿವೆ, ಇದೇ ಇದರ ಹೆಚ್ಚುಗಾರಿಕೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಆ ಒಡವೆಗಷ್ಟೇ ಕೊಟ್ಟ ಗುರುತು ಸಂಖ್ಯೆ) ಇರಲೇಬೇಕು. ಜೊತೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 22 ಕ್ಯಾರೆಟ್ಟಾದರೆ 22ಕೆ916 ಎಂಬ ಶುದ್ಧತೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಒಡವೆಯ ಜಾತಕ ಬರುತ್ತದೆ. ಅರಗು ತುಂಬಿದ ಗುಂಡು, ಹರಳು ಕೂರಿಸಿದ ಒಡವೆಯಲ್ಲಿ ಅರಗಿನ ಮತ್ತು ಹರಳಿನ ತೂಕ ಕಳೆದು ಬರೀ ಬಂಗಾರದ ತೂಕವನ್ನು ಬಿಲ್ಲಿನಲ್ಲಿ ಬೇರೆ ಬರೆಸಬೇಕು. ತೊಲಿ ಎಂದರೆ ಈಗ ಪೇಟೆಯಲ್ಲಿ 10 ಗ್ರಾಂ. ಅಜ್ಜಿಯ ಕಾಲದ ತೊಲಿ 11.66 ಗ್ರಾಂ ಇತ್ತು, ಹಳೆಯ ಒಡವೆ ಮುರಿಸಲು ಹೋದಾಗ ಈ ವ್ಯತ್ಯಾಸಕ್ಕೆ ಜಗಳ ಬೇಡ, ಗ್ರಾಂನಲ್ಲೇ ಮಾತಾಡಿ.

ಎರಡನೇ ದಿನ ಹಳಿಯೀಚೆಯ ಪೇಟೆ. ಇಲ್ಲಿ ಗಲ್ಲಿಯ ಹೆಸರೇ ಅರ್ಧ ವಿಳಾಸ. ಬುರುಡ ಗಲ್ಲಿ ಅಂದರೆ ಬಿದಿರು ಹೆಣೆಯುವವರ ಗಲ್ಲಿ, ಮದುವೆಯ ಬುಟ್ಟಿ-ಮೊರಕ್ಕೆ ಅಲ್ಲಿ ಕೇಳಿ. ಅಶ್ವತ್ಥಾಮನ ಗುಡಿಯಿರುವ ಪಾಂಗುಳ ಗಲ್ಲಿಯಲ್ಲಿ ಬಳೆ, ಚಪ್ಪಲಿ, ಸಣ್ಣಪುಟ್ಟ ಸಿಂಗಾರದ ಸಾಮಾನು. ಗಣಪತ ಗಲ್ಲಿಯಲ್ಲಿ ಹೂವು, ಹಣ್ಣು, ಪೂಜೆಯ ಸಾಮಾನು, ಬೀದಿಯ ಮೇಲೆ ಹರಡಿಕೊಂಡಿರುತ್ತದೆ. ರವಿವಾರ ಪೇಟೆ ಕಿರಾಣಿಯ ಸಗಟು ಪೇಟೆ. ಉಡಿಯ ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಕೊಂಬು, ಅಡಿಕೆ ನೂರರ ಲೆಕ್ಕದಲ್ಲಿ ಬೇಕಾದರೆ ಇಲ್ಲೇ, ಬಿಡಿ ಅಂಗಡಿಯಲ್ಲಲ್ಲ. ಕೊಬ್ಬರಿ ಬಟ್ಟಲನ್ನು ಎಣಿಕೆಯಲ್ಲಿ ಕೊಳ್ಳಬೇಡಿ, ತೂಕದಲ್ಲಿ ಕೊಂಡು ಒಂದೇ ಗಾತ್ರದವನ್ನು ಆರಿಸಿಸಿ. ಬೆರಳ ಗೆಣ್ಣಿನಿಂದ ಬಡಿದಾಗ ಟಣ್ ಎನ್ನಬೇಕು. ಮಂದ ಸಪ್ಪಳ ಬಂದರೆ ಒಳಗೆ ಹಸಿ ಇದೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಬೂಸಲು ಹಿಡಿಯುತ್ತದೆ. ಸಗಟು ಅಂಗಡಿಯವರು ಮುಂಜಾನೆ ನಿಂತು ಮಾತಾಡುತ್ತಾರೆ, ಮಧ್ಯಾಹ್ನ ಗಾಡಿ ತುಂಬುವ ಹೊತ್ತಿಗೆ ಹೋದರೆ "ಆಮ್ಯಾಲೆ ಬರ್ರಿ" ಎಂಬ ಉತ್ತರವೇ.

ಇವೆಲ್ಲ ಸುತ್ತುವಾಗ ಕಿರ್ಲೋಸ್ಕರ ರಸ್ತೆ ದಾಟುತ್ತೀರಿ. 1888ರಲ್ಲಿ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಆ ರಸ್ತೆಗೆ ಅವರದೇ ಹೆಸರು. ಸೈಕಲ್ಲಿನಿಂದ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲಿಗೆ ಬಂದು, ಇಲ್ಲಿ ಜಾಗ ಬಿಡಬೇಕಾಗಿ ಬಂದಾಗ 1910ರಲ್ಲಿ ಔಂಧ ಸಂಸ್ಥಾನದ ಸೀಮೆಗೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದರು. ನೇಗಿಲ ಕಾರಖಾನೆ ಊರು ಬಿಟ್ಟಿತು, ಹೆಸರು ಮಾತ್ರ ರಸ್ತೆಗೆ ಉಳಿಯಿತು.

ಕೋನವಾಳ ಗಲ್ಲಿಯ ಲೋಕಮಾನ್ಯ ರಂಗಮಂದಿರದ್ದೂ ಅಂಥದ್ದೇ ಕತೆ. ಹಳಬರ ಬಾಯಲ್ಲಿ ಅದಿನ್ನೂ ಹಳೆಯ ಹೆಸರಿನ ರಿಟ್ಜ್. ಸಂಜೆ ನಾಟಕವೋ ಸಂಗೀತವೋ ಇದ್ದ ದಿನ ಆ ಗಲ್ಲಿಯಲ್ಲಿ ಗಾಡಿ ನಿಲ್ಲಿಸುವ ಆಸೆ ಬಿಡಬೇಕು. ಕುಮಾರ ಗಂಧರ್ವ ರಂಗಮಂದಿರ ಈ ಪೇಟೆಯಿಂದ ದೂರ. ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಗಾಯಕರ ಹೆಸರು ಅದಕ್ಕೆ. ಎರಡರ ಹೆಸರೂ "ರಂಗಮಂದಿರ" ಎಂದೇ ಬಳಕೆಯಲ್ಲಿರುವುದರಿಂದ ಆಟೊ ಹತ್ತುವಾಗ ಇಲ್ಲೂ ಖಡೇ ಬಜಾರಿನದೇ ತೊಡಕು.

ಗಾಡಿ ಬಗ್ಗೆ ಹೇಳುವುದಾದರೆ, ಈ ಪೇಟೆಗೆ ಕೊಡುವ ಅಂಕದಲ್ಲಿ ಅರ್ಧ ಕಡಿತವಾಗುವುದು ಇದಕ್ಕೇ. ಗಲ್ಲಿಗಳು ಎತ್ತಿನ ಗಾಡಿಯ ಕಾಲದ ಅಗಲದವು. ಬಾಪಟ ಗಲ್ಲಿಯ ಕಾರ್ ಪಾರ್ಕಿಂಗ್ ಹತ್ತೂವರೆಯೊಳಗೆ ಹಿಡಿದರೆ ಹಿಡಿದಂತೆ. ಇಲ್ಲದಿದ್ದರೆ ಗಾಡಿಯನ್ನು ಹೊರಗೇ ಬಿಟ್ಟು ಆಟೊದಲ್ಲಿ ಬನ್ನಿ. ಕುಳಿತುಕೊಳ್ಳಲು ಜಾಗ ಸೀರೆ ಅಂಗಡಿಯ ಗಾದಿ ಬಿಟ್ಟರೆ ಎಲ್ಲೂ ಇಲ್ಲ, ಮುದುಕರನ್ನು ಎರಡನೇ ದಿನ ಮನೆಯಲ್ಲೇ ಬಿಟ್ಟು ಬರುವುದು ಅವರಿಗೂ ಒಳ್ಳೆಯದು. ಗಣೇಶ ವಿಸರ್ಜನೆಯ ದಿನ ಈ ಕಡೆ ಬರಲೇಬೇಡಿ. ಹುತಾತ್ಮಾ ಚೌಕದಿಂದ ಹೊರಟ ಮೆರವಣಿಗೆ ರಾಮದೇವ ಗಲ್ಲಿ ಹಾಯ್ದು ಕಪಿಲೇಶ್ವರ ಮೇಲ್ಸೇತುವೆ ದಾಟಿ ಹೊಂಡಕ್ಕೆ ಮುಟ್ಟುವುದು ಮರುದಿನ, ಅಂದರೆ ಎರಡು ಖಡೇ ಬಜಾರಿನ ನಡುವಿನ ದಾರಿಯೇ ಬಂದ್.

ಕೊನೆಗೆ ಉಳಿಯುವುದು ಸಿಹಿ. ಬೀಗರಿಗೆ ಕೊಡಲು ಮಾಂಡೆ (ಮಂಡಿಗೆ) ಬೇಕಾದರೆ ಎರಡು-ಮೂರು ದಿನ ಮೊದಲೇ ಹೇಳಿ ಮಾಡಿಸಬೇಕು. ಕಣಕವನ್ನು ಕೈಮೇಲೆ ಹಿಗ್ಗಿಸಿ, ಬೋರಲು ಹಾಕಿದ ಕಾವಲಿಯ ಮೇಲೆ ಬೇಯಿಸಿ, ಸಕ್ಕರೆ-ಖವಾ ಹರಡಿ ಮಡಚುವ ಕೆಲಸ ಎಲ್ಲರ ಕೈಗೆ ಒಲಿಯುವುದಿಲ್ಲ. ಮನಸ್ಸಿನಲ್ಲೇ ಮಂಡಿಗೆ ಮೆಲ್ಲುವುದು ಎಂಬ ಮಾತು ಹುಟ್ಟಿದ್ದು ಸುಮ್ಮನಲ್ಲ. ಬಿಸಿ ಆರದೆ ಕಟ್ಟಿದರೆ ಹಬೆಗೆ ಮೆತ್ತಗಾಗುತ್ತದೆ, ಗಾಡಿಯಲ್ಲಿ ಮೇಲೆ ಏನಾದರೂ ಇಟ್ಟರೆ ಪುಡಿ. ಹಾಲು ಕುದಿಸಿ ಮಾಡುವ ಸಿಹಿ ಕುಂದಾ ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ. ಹದವಾದ ಕುಂದಾ ತಿಳಿ ಕಂದು, ಹರಳು ಹರಳಾಗಿ ತುಸು ಹಸಿಯಾಗಿರುತ್ತದೆ. ಗಾಢ ಕಂದಿದ್ದರೆ ಸಕ್ಕರೆ ಹೆಚ್ಚು ಸುಟ್ಟು ಕಹಿ ಇಣುಕುತ್ತದೆ, ಅಂಗುಳಕ್ಕೆ ಅಂಟಿದರೆ ಹಾಲು ಸಾಕಷ್ಟು ಕುದಿದಿಲ್ಲ. ಬಿಸಿ ಕುಂದಾವನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಮುಚ್ಚಳ ಹಾಕಿಸಿಕೊಂಡು ಬಿಸಿಲಲ್ಲಿ ನಿಂತ ಗಾಡಿಯಲ್ಲಿಟ್ಟರೆ ಊರು ಮುಟ್ಟುವಷ್ಟರಲ್ಲಿ ಹುಳಿ ವಾಸನೆ. ಅದಕ್ಕೇ ಕುಂದಾ ಎಲ್ಲದರ ಕೊನೆಗೆ, ಗಾಡಿ ಹತ್ತುವ ಮೊದಲು, ಆರಿದ್ದನ್ನೇ ಕಟ್ಟಿಸಿ.